ಹೊಲದ ನಡುವೆ ಮನಿ ಮಾರಾಟಕ್ಕೈತಿ: ಉತಾರ ಒಂದು ಹೇಳ್ತೈತಿ, ಬ್ರೋಷರ್ ಇನ್ನೊಂದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಗಜೇಂದ್ರಗಡದಿಂದ ಮಾತಾಡ್ತಿದ್ದೀನಿ. ಹಿಂದೆ ಗಾಳಿ ಸದ್ದು ಕೇಳಿದ್ರ ಬೇಜಾರಾಗಬ್ಯಾಡ್ರಿ, ನಮ್ಮೂರ ಗುಡ್ಡದ ಮ್ಯಾಲೆ ವಿಂಡ್‌ಮಿಲ್ ಹಾಕಿದ್ದೇ ಈ ಗಾಳಿ ನೋಡಿ.

ಇವತ್ತಿನ ವಿಷಯ ಒಂದು ಜಾಹೀರಾತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆ ಇರುವ ನಮ್ಮ ಮಂದಿಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಇಂಥವು ಓಡಾಡುತ್ತಲೇ ಇರುತ್ತವೆ. ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ: ಫಾರ್ಮ್ ಕಮ್ಯುನಿಟಿಯಲ್ಲಿ ಕುಟುಂಬಕ್ಕೆ ಹೇಳಿ ಮಾಡಿಸಿದ ಮನೆ ಮಾರಾಟಕ್ಕಿದೆ. 10 ಗುಂಟೆ ಜಾಗ, ನೆಲಮಹಡಿಯಲ್ಲಿ 1,650 ಚದರ ಅಡಿಯ ಮನೆ, 40 ಮಾವಿನ ಗಿಡ, ಡ್ರಿಪ್, ಎಲ್ಲರಿಗೂ ಸೇರಿದ ದನದ ಕೊಟ್ಟಿಗೆ, ಕ್ಲಬ್‌ಹೌಸ್, ಗೇಟು, ವಾಚ್‌ಮನ್. ಮಾಲೀಕರು ಊರು ಬಿಡುತ್ತಿರುವುದರಿಂದ ತುರ್ತು ಮಾರಾಟ. ಕೆಳಗೆ ಎರಡು ಫೋಟೊ, ಅದರಾಗ ಒಂದು ಆಕಳದ್ದು.

ಆಕಳ ಬಗ್ಗೆ ನಂದೇನೂ ತಕರಾರಿಲ್ಲ. ನಾನು ಬಿ.ಕಾಂ. ಓದಿದವ, ನನ್ನ ಕಣ್ಣು ಹೋಗೋದು 10 ಗುಂಟೆ, 1,650 ಚದರ ಅಡಿ ಅನ್ನೋ ಅಂಕಿಗಳ ಮ್ಯಾಲೆ. ಆ ಎರಡೇ ಅಂಕಿಯಲ್ಲಿ ಅರ್ಧ ಕಥೆ ಅಡಗಿದೆ. ಅಲ್ಲಿಗೆ ಬರ್ತೀನಿ, ಮೊದಲು ಈ ಕಲ್ಪನೆ ಎಲ್ಲಿಂದ ಬಂತು ಅನ್ನೋದನ್ನ ಚೂರು ನೋಡೋಣ.

ಅಮೆರಿಕದಲ್ಲಿ ಇದಕ್ಕೆ ಅಗ್ರಿಹುಡ್ ಅನ್ನುತ್ತಾರೆ. ಗಾಲ್ಫ್ ಮೈದಾನದ ಸುತ್ತ ಮನೆ ಕಟ್ಟುವ ಬದಲು ಹೊಲದ ಸುತ್ತ ಮನೆ ಕಟ್ಟುವುದು. ಷಿಕಾಗೊ ಹತ್ತಿರದ ಗ್ರೇಸ್‌ಲೇಕ್‌ನಲ್ಲಿ ಪ್ರೇರಿ ಕ್ರಾಸಿಂಗ್ ಅಂತ ಒಂದಿದೆ. ಅಲ್ಲಿ ದೊಡ್ಡ ಲೇಔಟ್ ಬರುತ್ತೆ ಅಂತ ಗೊತ್ತಾದಾಗ ಅಕ್ಕಪಕ್ಕದವರೇ ಸೇರಿ 1987ರಲ್ಲಿ 677 ಎಕರೆ ಕೊಂಡರು. ಮನೆ ಕಟ್ಟಿದ್ದು ಒಂದು ಭಾಗದಲ್ಲಿ ಮಾತ್ರ. ಶೇ. 60ಕ್ಕೂ ಹೆಚ್ಚು ಭೂಮಿಯನ್ನು ಮುಂದೆ ಯಾರೂ ಕಟ್ಟಡಕ್ಕೆ ಬಳಸದಂತೆ ಕಾನೂನಿನ ಪತ್ರದಲ್ಲೇ ಕಟ್ಟಿಹಾಕಿದರು. ಅಲ್ಲಿ ಮನೆ ಮಾರಾಟವಾದಾಗ ಬೆಲೆಯ ಒಂದು ಸಣ್ಣ ಪಾಲು ಆ ಭೂಮಿ ನೋಡಿಕೊಳ್ಳುವ ಪ್ರತಿಷ್ಠಾನಕ್ಕೆ ಹೋಗುವ ಏರ್ಪಾಡೂ ಮಾಡಿಕೊಂಡರು. ಅಟ್ಲಾಂಟಾ ಹತ್ತಿರದ ಸೆರೆನ್‌ಬಿ, ಅರಿಝೋನಾದ ಅಗ್ರಿಟೋಪಿಯಾ ಇವೂ ಇದೇ ಜಾತಿಯವು.

ಅಂದ್ರ ಅಲ್ಲಿ ಮನೆ ಹತ್ತು ಸಲ ಕೈ ಬದಲಾಗಬಹುದು, ಹೊಲ ಹೊಲವಾಗಿಯೇ ಉಳಿಯುತ್ತದೆ. ಕೊಳ್ಳುವವ ರೊಕ್ಕ ಕೊಡೋದು ಆ ಭರವಸೆಗೆ. ನಮ್ಮಲ್ಲಿಗೆ ಬರುವಾಗ ಫೋಟೊ ಬಂತು, ಹೆಸರು ಬಂತು. ಆ ಕಟ್ಟುಪಾಡಿನ ಪತ್ರ ಮಾತ್ರ ಬರಲಿಲ್ಲ.

ಕರ್ನಾಟಕದಲ್ಲಿ ಇದು ಈಗ ಯಾಕೆ ಜೋರಾಗಿದೆ? 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ದೊಡ್ಡ ತಿದ್ದುಪಡಿ ಬಂತು, ದೇವರಾಜ ಅರಸು ಕಾಲದ್ದು. ಅದರಲ್ಲಿದ್ದ 79ಎ, 79ಬಿ ಕಲಂಗಳ ಪ್ರಕಾರ ಬೇರೆ ಆದಾಯ ಒಂದು ಮಿತಿ ದಾಟಿದವರು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಆ ಆದಾಯದ ಮಿತಿ ಬಹಳ ವರ್ಷ 2 ಲಕ್ಷ ಇತ್ತು, 2015ರಲ್ಲಿ 25 ಲಕ್ಷ ಆಯ್ತು. 2020ರ ತಿದ್ದುಪಡಿಯಲ್ಲಿ ಆ ಕಲಂಗಳನ್ನೇ ತೆಗೆದುಹಾಕಿದರು. ರೈತ ಸಂಘಟನೆಗಳು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಅಲ್ಲಿಂದ ಮುಂದೆ ಸಾಫ್ಟ್‌ವೇರ್ ಎಂಜಿನಿಯರ್ ಆಗಲಿ, ಡಾಕ್ಟರ್ ಆಗಲಿ, ಹೊಲ ಕೊಳ್ಳಲು 'ನಾನು ರೈತ' ಅಂತ ತೋರಿಸಬೇಕಿಲ್ಲ. ಅದಕ್ಕೇ ಎಕರೆಯನ್ನ ಗುಂಟೆ ಮಾಡಿ ಮಾರೋದು ಒಂದು ಧಂದೆಯೇ ಆಗೇತಿ.

ಲೆಕ್ಕ ನೋಡ್ರಿ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ ಅಂದ್ರ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಎಕರೆಗೆ 20 ಲಕ್ಷದಂತೆ ಒಬ್ಬ ರೈತನಿಂದ ಹೊಲ ಹಿಡಿದರು ಅಂತಿಟ್ಟುಕೊಳ್ಳಿ. ಗುಂಟೆಗೆ 50 ಸಾವಿರ ಬಿತ್ತು. ಅದೇ 10 ಗುಂಟೆಯನ್ನು 15 ಲಕ್ಷಕ್ಕೆ ಮಾರಿದರೆ ಎಕರೆಗೆ 60 ಲಕ್ಷವಾಯಿತು. ರಸ್ತೆ, ತಂತಿಬೇಲಿ, ಗೇಟಿಗೆ ಖರ್ಚು ಐತಿ, ಒಪ್ಪಿಕೊಳ್ಳೋಣ. ಆದರೆ ಕೊಳ್ಳುವವನಿಗೆ 15 ಲಕ್ಷ ಅನ್ನೋದು ಸಸ್ತಾ ಅನಿಸೋದು ಎಕರೆ ಲೆಕ್ಕ ಕಣ್ಣಿಗೆ ಬೀಳದಂಗ ಮಾಡಿದ್ದಕ್ಕ.

ಈಗ ಆ 1,650 ಚದರ ಅಡಿಗೆ ಬರೋಣ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಇದಕ್ಕೆ ಮೂಲ. ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆದೇಶ ಬೇಕು. ನಮ್ಮ ಕಡೆ 'ಎನ್‌ಎ ಆಗೇತೇನು?' ಅಂತ ಕೇಳೋದು ಇದನ್ನೇ. ಹಳಬರು ಬಿನ್‌ಶೇತ್ಕಿ ಅಂತಾರ. ಪರಿವರ್ತನೆ ಮಾಡಿಸದೆಯೂ ರೈತ ತನ್ನ ಹೊಲದಲ್ಲಿ ಬಾವಿ ತೋಡಬಹುದು, ಕೊಟ್ಟಿಗೆ ಕಟ್ಟಬಹುದು, ತೋಟದ ಮನೆಯನ್ನೂ ಕಟ್ಟಬಹುದು. ಆದರೆ ತೋಟದ ಮನೆಗೆ ಮಿತಿ ಇದೆ: ಹಿಡುವಳಿಯ ಶೇ. 10ಕ್ಕಿಂತ ಹೆಚ್ಚು ಜಾಗ ಬಳಸುವಂತಿಲ್ಲ. ಅದು ಕೃಷಿ ಮಾಡುವ ಕುಟುಂಬದ ಸ್ವಂತ ಉಪಯೋಗಕ್ಕೇ ಇರಬೇಕು, ವ್ಯಾಪಾರಕ್ಕೆ, ಬಾಡಿಗಿಗೆ ಅಲ್ಲ.

10 ಗುಂಟೆಯ ಶೇ. 10 ಎಷ್ಟು? ಒಂದು ಗುಂಟೆ. 1,089 ಚದರ ಅಡಿ. ಜಾಹೀರಾತಿನ ಮನೆ ನೆಲಮಹಡಿಯಲ್ಲೇ 1,650. ಮಾರುವವರಿಗೆ ಅದೇ ಊರಲ್ಲಿ ಬೇರೆ ಹಿಡುವಳಿ ಇದ್ದರೆ ಮಾತು ಬೇರೆ ಆಗಬಹುದು, ಆದರೆ ನಿಮಗೆ ಬರೋದು ಬರೀ ಆ 10 ಗುಂಟೆ. ಅದರ ಮೇಲೆ 'ವಾರಾಂತ್ಯಕ್ಕೆ ಹೋಮ್‌ಸ್ಟೇ ಕೊಟ್ಟು ಆದಾಯ ಮಾಡಿಕೊಳ್ಳಿ' ಅಂತ ಬ್ರೋಷರ್‌ನಾಗ ಬರೆದಿದ್ರ, ಅದು ತೋಟದ ಮನೆಯ ಕಲ್ಪನೆಗೇ ವಿರುದ್ಧ.

ಇಲ್ಲಿ ಒಂದು ಗೊಂದಲ ಐತಿ, ಇದನ್ನ ಚೆನ್ನಾಗಿ ಕೇಳ್ರಿ. ಇಂಥ ಕಮ್ಯುನಿಟಿಯ ಜಮೀನು ಒಂದೋ ಎನ್‌ಎ ಆಗಿರುತ್ತೆ, ಇಲ್ಲಾಂದ್ರ ಆಗಿರೋದಿಲ್ಲ. ಎನ್‌ಎ ಆಗಿಲ್ಲದಿದ್ದರೆ ನಿಮ್ಮ ಹೊಲ ಗಟ್ಟಿ, ಮನೆ ಡಗಮಗ. ಮನೆಗೆ ಪಂಚಾಯಿತಿ ಪತ್ರ ಸರಿಯಾಗಿ ಸಿಗೋದಿಲ್ಲ, ಬ್ಯಾಂಕಿನವರು ಹೋಮ್ ಲೋನ್ ಕೊಡೋದಿಲ್ಲ. ಎನ್‌ಎ ಆಗಿದ್ದರೆ ಮನೆ ಗಟ್ಟಿ, ಆದರೆ ಹೊಲ ಡಗಮಗ. ಯಾಕಂದ್ರ ಕಾಗದದ ಮೇಲೆ ಅದು ಹೊಲವೇ ಅಲ್ಲ. ಪಕ್ಕದ ಪ್ಲಾಟಿನವರು ನಾಳೆ ಮಾವು ಕಡಿದು ಎರಡು ಅಂತಸ್ತು ಎಬ್ಬಿಸಿದರೆ ನೀವು ಯಾವ ಪತ್ರ ಹಿಡಿದು ತಡೀತೀರಿ? ಪ್ರೇರಿ ಕ್ರಾಸಿಂಗ್‌ನವರು ಬಗೆಹರಿಸಿಕೊಂಡದ್ದು ಇದನ್ನೇ. ನಮ್ಮಲ್ಲಿ ಮಾರುವವರು ಎರಡೂ ಕೈಯಲ್ಲಿ ಎರಡನ್ನೂ ತೋರಿಸ್ತಾರ. ಒಂದು ಉತಾರದಾಗ ಎರಡೂ ಇರಲು ಸಾಧ್ಯ ಇಲ್ಲ.

ನಮ್ಮ ಮಾಮಾನ ವಿಷಯ ಇಲ್ಲೇ ಹೇಳಿಬಿಡ್ತೀನಿ, ಈ ಸಂಚಿಕೆ ಹುಟ್ಟಿದ್ದೇ ಅದರಿಂದ. ಮಾಮಾ ಪ್ರಾಥಮಿಕ ಶಾಲೆ ಮಾಸ್ತರರಾಗಿ ನಿವೃತ್ತರಾದವರು. ಗಜೇಂದ್ರಗಡದಾಗ ಅವರ ಅಪ್ಪನ ಕಾಲದ ಮನಿ ಐತಿ, ಮಕ್ಕಳಿಬ್ಬರೂ ಹುಬ್ಬಳ್ಳಿಯಾಗ. ಮನಿ ಮಾರಿ, ನಿವೃತ್ತಿ ರೊಕ್ಕ ಸೇರಿಸಿ, ಧಾರವಾಡದ ಕಡೆ ಇಂಥದೊಂದು ಕಮ್ಯುನಿಟಿಯಾಗ ಮನಿ ಹಿಡೀಬೇಕು ಅನ್ನೋ ವಿಚಾರ. ಫೋನ್ ಮಾಡಿ, "ಅಳಿಯಾ, ಸಂಚಕಾರ ಕೊಡಬೇಕಂತ ಅದೀನಿ, ಒಂದ್ಸಲ ಕಾಗದ ನೋಡಪಾ" ಅಂದ್ರು. ನಾನು, "ಮಾಮಾ, ಉತಾರ ಕಳಸ್ರಿ" ಅಂದೆ. ಎರಡು ದಿನಕ್ಕ ಬಂದದ್ದು ಬಣ್ಣದ ನಕಾಶೆ, ಪ್ಲಾಟ್ ನಂಬರ್ ಹಾಕಿದ್ದು. ಉತಾರ ಬರಲಿಲ್ಲ. ಮತ್ತ ಕೇಳಿದಾಗ ಬಂತು. ಅದರಾಗ ಮಾಲೀಕರ ಹೆಸರಿನ ಕಾಲಂನಲ್ಲಿ ಹದಿನಾಲ್ಕು ಹೆಸರು, ಜಂಟಿ. ಮಾಮಾಗೆ ಮನಿ ಮಾರೋರ ಹೆಸರು ಹದಿನಾಲ್ಕರಾಗ ಒಂದು.

ಜಂಟಿ ಖಾತೆ ಅಂದ್ರ ಅವರ ಪಾಲು ಎಷ್ಟು ಅನ್ನೋದು ಗೊತ್ತು, ಎಲ್ಲಿ ಅನ್ನೋದು ಸರ್ಕಾರಿ ಕಾಗದದಾಗ ಇಲ್ಲ. ನಕಾಶೆಯಲ್ಲಿನ 'ಪ್ಲಾಟ್ ನಂ. 9' ಅನ್ನೋದು ಕಂಪನಿಯವರು ಹಾಕಿದ ಗೆರೆ. ಹೊಲದ ಒಂದು ಭಾಗವನ್ನು ಮಾರಬೇಕಾದರೆ ಸರ್ವೆ ಇಲಾಖೆಯಿಂದ 11ಇ ನಕ್ಷೆ ಮಾಡಿಸಬೇಕು. ಅದು ಇದ್ದರೆ ನಿಮ್ಮ ತುಂಡು ಯಾವುದು, ಚಕ್ಕುಬಂದಿ ಏನು, ದಾರಿ ಎಲ್ಲಿಂದ ಅನ್ನೋದು ಸ್ಪಷ್ಟ. ನಂತರ ಪೋಡಿ ಆಗಿ ಬೇರೆ ಹಿಸ್ಸಾ ನಂಬರ್ ಬಂದರೆ ಇನ್ನೂ ಗಟ್ಟಿ. ಅಣ್ಣತಮ್ಮಂದಿರ ವಾಟ್ನಿಯಲ್ಲೇ ಬದುವಿನ ಸಲುವಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದ ಮನೆಗಳು ನಮ್ಮ ಓಣಿಯಾಗೇ ಅದಾವು. ಗುರುತು ಪರಿಚಯ ಇಲ್ಲದ ಹದಿಮೂರು ಮಂದಿ ಜೊತೆ ಜಂಟಿ ಆಗೋದು ಅಂದ್ರ ನೀವೇ ವಿಚಾರ ಮಾಡ್ರಿ.

ಕೆಲವು ಕಡೆ ಖರೀದಿ ಪತ್ರವೇ ಇರೋದಿಲ್ಲ. ಜಿಪಿಎ, ಅಂದರೆ ಮುಖತ್ಯಾರ ಪತ್ರ ಮತ್ತು ಕರಾರು ಪತ್ರದ ಮೇಲೆ ಮನೆ ಕೈ ಬದಲಾಗುತ್ತೆ. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ, ಇಂಥ ಪತ್ರಗಳಿಂದ ಮಾಲೀಕತ್ವ ವರ್ಗ ಆಗೋದಿಲ್ಲ ಅಂತ. ನೋಂದಣಿ ಶುಲ್ಕ ಉಳೀತದ ಅನ್ನೋ ಆಸೆಗೆ ಬೀಳೋರು ಬಹಳ. ಮುದ್ರಾಂಕ ಶುಲ್ಕ ಶೇ. 5, ಮೇಲೆ ಸೆಸ್ಸು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. 40 ಲಕ್ಷದ ಮನೆಗೆ ಇವೆರಡೇ 2.8 ಲಕ್ಷ. ಭಾರ ಹೌದು, ಆದರೆ ಮಾಲೀಕ ಅನಿಸಿಕೊಳ್ಳೋದಕ್ಕೆ ಬೇರೆ ದಾರಿ ಇಲ್ಲ.

ಹಾಗಾದ್ರ ಮೊಬೈಲ್‌ನಲ್ಲೇ ಏನೇನು ನೋಡಬಹುದು? ಬಹಳಷ್ಟು. ಸರ್ವೆ ನಂಬರ್ ಒಂದು ಗೊತ್ತಿದ್ರ ಭೂಮಿ ವೆಬ್‌ಸೈಟ್‌ನಲ್ಲಿ ಉತಾರ ಸಿಗುತ್ತೆ. ಮಾಲೀಕರ ಕಾಲಂ ಜೊತೆಗೆ ಹಕ್ಕು ಮತ್ತು ಋಣಗಳ ಕಾಲಂ ನೋಡ್ರಿ. ಸೊಸೈಟಿ ಬೋಜಾ, ಬ್ಯಾಂಕ್ ಬೋಜಾ, ಕೋರ್ಟ್ ತಡೆ ಇದ್ದರೆ ಅಲ್ಲಿರುತ್ತೆ. ಬೆಳೆ ಕಾಲಂ ಕೂಡ ಓದ್ರಿ: ಬ್ರೋಷರ್‌ನಾಗ ಮಾವಿನ ತೋಟ, ಉತಾರದಾಗ ಬೀಳು ಅಂತ ಇದ್ದರೆ ಕೇಳಬೇಕಾದ ಪ್ರಶ್ನೆ ಹುಟ್ಟಿತಲ್ಲ. ಕಾವೇರಿಯಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಬಹುದು. ವ್ಯವಹಾರ ನಡೆದಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತೆ. ಗ್ರಾಮ ಪಂಚಾಯಿತಿ ಹದ್ದಿನಲ್ಲಿದ್ದರೆ ಇ-ಸ್ವತ್ತು ನೋಡ್ರಿ. ಸಕ್ರಮ ಆಸ್ತಿಗೆ ನಮೂನೆ 9 ಮತ್ತು 11ಎ ಕೊಡ್ತಾರ, ಹಾಗಲ್ಲದ್ದಕ್ಕೆ 11ಬಿ. ಮಾರೋರು 'ಇ-ಸ್ವತ್ತು ಐತ್ರಿ' ಅಂದಾಗ, ಎ ನೋ ಬಿ ನೋ ಅಂತ ಕೇಳದೇ ಫೋನ್ ಇಡಬ್ಯಾಡ್ರಿ.

ಆನ್‌ಲೈನ್‌ನಲ್ಲಿ ಅಷ್ಟು ಸುಲಭಕ್ಕೆ ಕಾಣದ್ದು ಜಮೀನಿನ ಮೂಲ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಎಷ್ಟು ಕೈ ದಾಟಿ ಬಂದಿದ್ದರೂ ಅಷ್ಟೇ. 2023ರ ತಿದ್ದುಪಡಿಯ ನಂತರ ಆ ಕುಟುಂಬ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ನನ್ನ ಕೇಳಿದ್ರ ಅದು ನ್ಯಾಯವೇ. ಮೊದಲು ಕಳಕೊಂಡವರು ಅವರು. ಆದರೆ ನಡುವೆ ಸಿಕ್ಕಿಬೀಳೋ ಕೊನೆಯ ಖರೀದಿದಾರ ನೀವಾಗಬಾರದು. ಅದಕ್ಕೇ ತಹಶೀಲ್ದಾರ್ ಕಚೇರಿಯಿಂದ ಹಳೇ ಮ್ಯುಟೇಶನ್ ನಕಲು, ಮೊದಲ ಮಾಲೀಕರತನಕ ತೆಗೆಸಿ ವಕೀಲರಿಗೆ ತೋರಿಸೋದು. ಇಲ್ಲಿ ವಕೀಲರ ಫೀ ಉಳಿಸೋಕೆ ಹೋಗಬ್ಯಾಡ್ರಿ.

ರೇರಾ? ಮನೆ ಪ್ಲಾಟುಗಳ ಲೇಔಟ್ ಆಗಿದ್ದು, 500 ಚದರ ಮೀಟರ್ ಮೀರಿದ್ದರೆ 2016ರ ಕಾಯ್ದೆಯಡಿ ನೋಂದಣಿ ಬೇಕು. 'ನಾವು ಮಾರ್ತಿರೋದು ಕೃಷಿ ಜಮೀನು, ನಮಗೆ ರೇರಾ ಅನ್ವಯಿಸೋದಿಲ್ಲ' ಅನ್ನೋದು ಬಹಳ ಕಡೆ ಸಿಗೋ ಉತ್ತರ. ಹಂಗಿದ್ರ ಕ್ಲಬ್‌ಹೌಸ್ ಯಾವ ಬೆಳಿ?

ಇನ್ನು ರೊಕ್ಕದ ಒಳಲೆಕ್ಕ. ಇಂಥ ಮನೆ ಕೊಂಡ ಮೇಲೆ ತಿಂಗಳ ನಿರ್ವಹಣೆ ಅಂತ ಕೊಡಬೇಕು. ತಿಂಗಳಿಗೆ 4 ಸಾವಿರ ಅಂತ ಹಿಡಿಯೋಣ, ವರ್ಷಕ್ಕೆ 48 ಸಾವಿರ. 10 ಗುಂಟೆ ಅಂದ್ರ ಕಾಲು ಎಕರೆ. ನಮ್ಮ ರೋಣ, ಗಜೇಂದ್ರಗಡದ ಎರಿ ಹೊಲದಾಗ ಮಳೆ ಕೈಹಿಡಿದ ವರ್ಷ ಕಾಲು ಎಕರೆಗೆ ಹೆಸರು ಒಂದು ಕ್ವಿಂಟಲ್ ಬಂದ್ರ ದೊಡ್ಡದು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಬೀಜ, ಗೊಬ್ಬರ, ಆಳು ತೆಗೆದು ಉಳಿಯೋದೆಷ್ಟು? ಮಾವು ಹೆಚ್ಚು ಕೊಡಬಹುದು, ವರ್ಷಗಟ್ಟಲೆ ಕಾಯಬೇಕು. 'ತೋಟದ ಆದಾಯದಲ್ಲೇ ನಿರ್ವಹಣೆ ಕಳೆಯುತ್ತೆ' ಅನ್ನೋ ಮಾತನ್ನ ಯಾವ ರೈತನ ಮುಂದ ಹೇಳಿದರೂ ನಗ್ತಾನ. ಖುಷಿಗೆ, ನೆಮ್ಮದಿಗೆ ಅಂತ ಕೊಳ್ಳೋದಾದರೆ ಕೊಳ್ಳಿ, ಅದು ಪೂರ್ತಿ ಗೌರವದ ಕಾರಣ. ಆದಾಯಕ್ಕೆ ಅಂತ ಬ್ಯಾಡ.

ಅದರಲ್ಲೂ 'ನೀವು ರೊಕ್ಕ ಹಾಕ್ರಿ, ಕೃಷಿ ನಾವು ಮಾಡ್ತೀವಿ, ವರ್ಷಕ್ಕೆ ಇಷ್ಟು ಖಾತ್ರಿ' ಅಂದ್ರ ಕಿವಿ ನೆಟ್ಟಗಾಗಬೇಕು. ಹಲವರ ರೊಕ್ಕ ಒಟ್ಟುಗೂಡಿಸಿ, ಲಾಭದ ಆಸೆ ತೋರಿಸಿ, ಆಸ್ತಿಯನ್ನು ಬೇರೆಯವರೇ ನಿರ್ವಹಿಸಿ, ಹೂಡಿದವರಿಗೆ ದಿನದಿನದ ಹಿಡಿತ ಇಲ್ಲದಿದ್ದರೆ, ಸೆಬಿ ಕಾಯ್ದೆಯ 11ಎಎ ಕಲಂ ಪ್ರಕಾರ ಅದು ಸಾಮೂಹಿಕ ಹೂಡಿಕೆ ಯೋಜನೆ. ಸೆಬಿ ನೋಂದಣಿ ಇಲ್ಲದೆ ನಡೆಸುವಂತಿಲ್ಲ. ಪಿಎಸಿಎಲ್ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತೆ. ಕೃಷಿ ಜಮೀನು ಕೊಡ್ತೀವಿ, ಅಭಿವೃದ್ಧಿ ಮಾಡ್ತೀವಿ ಅಂತಲೇ ದೇಶದ ತುಂಬ ಕೋಟಿಗಟ್ಟಲೆ ಮಂದಿಯಿಂದ ಕಂತು ಕಟ್ಟಿಸಿಕೊಂಡರು. 2014ರಲ್ಲಿ ಸೆಬಿ 49,100 ಕೋಟಿ ರೂಪಾಯಿ ವಾಪಸ್ ಕೊಡುವಂತೆ ಆದೇಶಿಸಿತು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿ ಆಯಿತು. ಅದರ ಪಾಸ್‌ಬುಕ್, ಬಾಂಡ್ ಹಿಡಕೊಂಡು ಆನ್‌ಲೈನ್ ಸೆಂಟರ್‌ಗೆ ಹೋದ ಅಜ್ಜಂದಿರನ್ನ ನೀವೂ ನೋಡಿರ್ತೀರಿ. ಹೊಲ ಮಾರೋ ಎಲ್ಲರೂ ಹಂಗ ಅಂತ ನಾ ಹೇಳ್ತಿಲ್ಲ. ಖರೀದಿ ಪತ್ರ ನಿಮ್ಮ ಹೆಸರಿಗೆ, ನಿರ್ವಹಣೆಯ ಕರಾರು ಬೇರೆ, ಬೇಡವಾದಾಗ ಅದರಿಂದ ಹೊರಬರಬಹುದು ಅಂತಿದ್ರ ಅದು ಬೇರೆ ವಿಷಯ.

ಎರಡನೇ ಕೈಯಿಂದ ಕೊಳ್ಳುವಾಗ ಈ ನಿರ್ವಹಣೆ ಕರಾರೇ ದೊಡ್ಡ ತಲೆನೋವು. ಮೊದಲ ಮಾಲೀಕ ಸಹಿ ಮಾಡಿದ್ದು ನಿಮಗೆ ತಾನಾಗಿ ಬರುತ್ತಾ? ವರ್ಗಾವಣೆ ಶುಲ್ಕ ಇದೆಯಾ? ಹಳೇ ಬಾಕಿ ಯಾರು ಕಟ್ಟಬೇಕು? ಒಳರಸ್ತೆ, ಬೋರ್‌ವೆಲ್, ಕೊಟ್ಟಿಗೆ ಇರುವ ಜಾಗದ ಉತಾರ ಯಾರ ಹೆಸರಲ್ಲಿದೆ, ಸಂಘದ ಹೆಸರಲ್ಲೋ ಕಂಪನಿ ಹೆಸರಲ್ಲೋ? ಮಾಮಾ ನೋಡಿದ ಕಡೆ ಬೋರ್‌ವೆಲ್ ಇದ್ದ ನಾಲ್ಕು ಗುಂಟೆ ಬೇರೊಬ್ಬರ ಖಾತೆಯಾಗಿತ್ತು. ಮನಿ ನಿಮ್ಮದು, ನೀರಿನ ಮೋಟರ್ ಅವರದು ಅಂದ್ರ ಆ ಮನಿ ಎಷ್ಟು ನಿಮ್ಮದು?

ತೆರಿಗೆ ವಿಷಯ ಬಹಳ ಮಂದಿಗೆ ಕೊನೆಗೆ ನೆನಪಾಗ್ತೈತಿ. ಊರಿನ ಹಳೇ ಮನೆ ಮಾರಿದಾಗ ಬಂದ ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲಿನ ಆಸ್ತಿಯಾಗಿದ್ದರೆ, ಹಣದುಬ್ಬರದ ಲೆಕ್ಕ ಕಳೆದು ಶೇ. 20ರಂತೆ ಎಷ್ಟಾಗುತ್ತೆ ನೋಡಿ, ಯಾವುದು ಕಡಿಮೆಯೋ ಅದು. 2001ಕ್ಕಿಂತ ಹಿಂದಿನ ಮನೆಯಾದರೆ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನೇ ಮೂಲ ಬೆಲೆ ಅಂತ ಹಿಡಿಯಬಹುದು. ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ವಿನಾಯಿತಿ ಇದೆ. ವಾಸದ ಮನೆ, ನೆನಪಿಡ್ರಿ. ಹೊಸ ಖರೀದಿ ಪತ್ರದಲ್ಲಿ ಬರೀ 'ಕೃಷಿ ಜಮೀನು 10 ಗುಂಟೆ' ಅಂತಿದ್ದು, ಮೇಲೆ ನಿಂತಿರುವ ಮನೆಯ ಹೆಸರೇ ಇಲ್ಲದಿದ್ದರೆ ಆ ವಿನಾಯಿತಿ ಕೇಳುವುದು ಕಷ್ಟ. ಮುದ್ರಾಂಕ ಶುಲ್ಕ ಉಳಿಸೋಕೆ ಮನೆ ತೋರಿಸದೇ ಬರೆಸೋದು ಹೀಗೆ ಬೇರೆ ಬಾಗಿಲಿನಿಂದ ಬಂದು ಕಚ್ಚುತ್ತೆ. ಮಾಮಾನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಅಂಕಿಯಾಗಿತ್ತು. ಅವರು ಈಗ ಸಂಚಕಾರ ಕೊಡೋದನ್ನ ನಿಲ್ಲಿಸಿ, 11ಇ ನಕ್ಷೆ ಕೇಳ್ಯಾರ. ಅತ್ತಿಗೆ ಮೊದಲಿಂದಲೂ ಊರು ಬಿಡೋ ಮನಸಿಲ್ಲ, ಅದು ಬೇರೆ ಮಾತು.

ಕೊನೆಗೆ ಜಾಗ ನೋಡೋಕೆ ಹೋಗೋ ದಿನದ್ದು. ಶ್ರಾವಣದಾಗ ಹೋಗಬ್ಯಾಡ್ರಿ, ಆಗ ನಮ್ಮ ಕಡೆ ಎಲ್ಲಾ ಹೊಲನೂ ಚೆಂದ. ಏಪ್ರಿಲ್, ಮೇ ಬಿಸಿಲಿಗೆ ಹೋಗ್ರಿ. ಎರಿ ಮಣ್ಣು ಬಿರುಕು ಬಿಟ್ಟಾಗ ಮನೆ ಗೋಡೆಯೂ ಬಿರುಕು ಬಿಟ್ಟೈತೇನು ನೋಡ್ರಿ. ಕರಿಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗುತ್ತೆ, ಬುನಾದಿ ಆಳ ಇಲ್ಲದ ಮನೆ ಅದರ ಜೊತೆ ಏರಿಳಿಯುತ್ತೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕಿಗೆ ಹೊಸ ಬಣ್ಣ ಹಚ್ಚಿದ್ರ ಕೈಯಾಡಿಸಿದಾಗ ಗೊತ್ತಾಗುತ್ತೆ. ಬೋರ್‌ವೆಲ್ ಅರ್ಧ ತಾಸು ಚಾಲೂ ಇಡಿಸ್ರಿ. ಏಜೆಂಟ್ ಫೋನ್‌ನಲ್ಲಿದ್ದಾಗ ಗೇಟಿನ ಹೊರಗಿನ ಹೊಲದವರ ಹತ್ರ ಹೋಗಿ, 'ಕಾಕಾ, ಈ ಹೊಲ ಮೊದಲು ಯಾರದಿತ್ತು?' ಅಂತ ಕೇಳ್ರಿ. ಇಸಿಯಲ್ಲಿ ಸಿಗದ ಮೂವತ್ತು ವರ್ಷದ ಇತಿಹಾಸ ಐದು ನಿಮಿಷದಾಗ ಬರ್ತೈತಿ, ಮೇಲೆ ಒಂದು ಚಹಾ ಕೂಡ.

ಮುಂದಿನ ಸಂಚಿಕೆಯಲ್ಲಿ ನಮ್ಮ ಗುಡ್ಡದ ವಿಂಡ್‌ಮಿಲ್ ಕಡೆ ಹೋಗೋಣ: ಹೊಲ ಲೀಸಿಗೆ ಕೊಡುವಾಗ ಕರಾರಿನಲ್ಲಿ ಏನೇನು ಓದಬೇಕು ಅಂತ. ನಿಮ್ಮ ಮನೆಯಲ್ಲಿ ಅಂಥ ಲೀಸ್ ಪತ್ರ ಇದ್ದರೆ ಹೆಸರು, ಸರ್ವೆ ನಂಬರ್ ಮುಚ್ಚಿ ಫೋಟೊ ಕಳಸ್ರಿ. ಬರ್ತೀನಿ.